ತೊಟ್ಟಿಗೊಂದು ಗಾಜಿನ ಸೂರು

ಹೆಂಚಿನ ಮನೆಯಲ್ಲಿ ಬೆಳೆದವರಿಗೆಲ್ಲ ಗಾಜಿನ ಹೆಂಚು ಗೊತ್ತು. ಅಡುಗೆಮನೆಯ ಸೂರಿನಲ್ಲಿ ಒಂದೋ ಎರಡೋ ಇರುತ್ತಿತ್ತು. ಹೊಗೆ ಕುಡಿದು ಕಂದು ತಿರುಗಿದ್ದರೂ ಬಿಸಿಲೇರಿದಾಗ ಒಲೆಯ ಪಕ್ಕಕ್ಕೆ ಒಂದು ಚೌಕ ಬೆಳಕನ್ನು ಇಳಿಸಿಬಿಡುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು, ಅದೇ ಅಳತೆಯ ಗಾಜಿನದೂ ಜೊತೆಗೂಡಿತು. ಒಂದು ಹೆಂಚಿನಿಂದ ಇಷ್ಟು ಸುಖವಾದರೆ ಇಡೀ ಸೂರೇ ಗಾಜಾದರೆ ಎಷ್ಟು ಸುಖ ಎಂಬ ದುರಾಸೆ ನನಗೆ ಚಿಕ್ಕಂದಿನದು.

ಹಳೇಬೀಡಿನ ಪಕ್ಕದ ನಮ್ಮ ಹುಲಿಕೆರೆ ಯಾವ ಸೀಮೆಗೆ ಸೇರಿದ್ದು ಎಂಬುದು ಮೋಡಗಳಿಗೇ ಇನ್ನೂ ತೀರ್ಮಾನವಾಗಿಲ್ಲ. ಒಂದು ಕಡೆ ಬೇಲೂರು, ಅದರಾಚೆ ಕಾಫಿಯ ಮಲೆನಾಡು. ಇನ್ನೊಂದು ಕಡೆ ಅರಸೀಕೆರೆಯ ತೆಂಗು, ಕೊಬ್ಬರಿ, ಒಣಗಾಳಿ. ಆರಿದ್ರೆಯಲ್ಲಿ ಜಡಿ ಹಿಡಿದರೆ ಗೋಡೆಗೆ ಬೂಷ್ಟು, ಮಾರ್ಚಿಯಲ್ಲಿ ಗಾಳಿ ಎದ್ದರೆ ಎಲೆಯಂಚು ಸೀದು ಹಪ್ಪಳ. ಊರಿಗೆ ಬರುವವರು ಹೊಯ್ಸಳರ ಕಲ್ಯಾಣಿಯ ಮೆಟ್ಟಿಲಿಳಿದು, ಸುತ್ತಲಿನ ಪುಟ್ಟ ಗುಡಿಗಳ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಎರಡು ಹವೆಗೆ ಸಿಕ್ಕಿಕೊಂಡ ಗಿಡಗಳ ಪಾಡು ಇಲ್ಲೇ ಇರುವವರಿಗೆ ಮಾತ್ರ ಗೊತ್ತು.

ನಮ್ಮದು ಹಳೆಯ ತೊಟ್ಟಿಮನೆ. ತೊಟ್ಟಿಯ ಮೇಲೆ ಗಾಜು ಹಾಕಿಸುತ್ತೇನೆ ಎಂದಾಗ ದೊಡ್ಡಮ್ಮ ಅಂದರು: "ಅಲ್ಲ ಕಣ್ ಮಗ, ಮಳೆ ಮನೇಗೆ ಬರೋ ದಾರೀನೇ ಮುಚ್ಚಿದ್ರೆ ಹೆಂಗೆ?" ಮಾತು ಸರಿಯೇ. ನಾಲ್ಕು ಮಾಡಿನ ನೀರೂ ಇಳಿಯುವ ಜಾಗವದು. ಹಳಬರು ಬೆಳಕು, ಗಾಳಿ, ನೀರು ಮೂರನ್ನೂ ಒಂದೇ ಕಿಂಡಿಯಿಂದ ಬರಮಾಡಿಕೊಂಡಿದ್ದರು. ಹಾಗಾಗಿ ಗಾಜನ್ನು ಹೆಂಚಿಗೆ ಅಂಟಿಸಲಿಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ನಿಲ್ಲಿಸಿ, ಸುತ್ತಲೂ ಗಾಳಿಗೆ ಸಂದು ಬಿಟ್ಟೆವು. ಮಾಡಿನಂಚಿಗೆ ತಗಡಿನ ದೋಣಿ ಕಟ್ಟಿಸಿ ನೀರನ್ನು ಸಂಪಿಗೆ ಇಳಿಸಿದ್ದಾಯಿತು. ಮಳೆ ಈಗಲೂ ಮನೆಗೇ ಬರುತ್ತದೆ, ದಾರಿ ಮಾತ್ರ ಬೇರೆ.

ಆ ಸಂದಿನ ವಿಷಯದಲ್ಲಿ ನಾನು ಹಟಮಾರಿ. ಗಾಜಿನ ಮನೆ ಹುಟ್ಟಿದ್ದು ಚಳಿದೇಶದಲ್ಲಿ. ಅಲ್ಲಿ ಬಿಸಿಯನ್ನು ಕೂಡಿಹಾಕುವುದೇ ಅದರ ಕೆಲಸ. ಗಾಜಿನ ಕೋಣೆ ಬಿಸಿಯಾಗುವುದು ಅದು ಶಾಖದ ಕಿರಣಗಳನ್ನು ಹೊರಬಿಡದ್ದರಿಂದ ಎಂದು ನಾವೆಲ್ಲ ಓದಿದ್ದೇವೆ. ಆದರೆ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ನೋಡಿದ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಆ ಕಿರಣಗಳನ್ನು ಸಲೀಸಾಗಿ ಬಿಟ್ಟುಕೊಡುವ ಕಲ್ಲುಪ್ಪಿನ ಹಲಗೆ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಕಾದ ಗಾಳಿ ಮೇಲೇರಿ ಹೋಗಲು ದಾರಿಯಿಲ್ಲದ್ದೇ ಮುಖ್ಯ ಕಾರಣ. ದಾರಿ ಕೊಟ್ಟರೆ ಅರ್ಧ ಸೆಕೆ ಹೋಯಿತು. ಮಿಕ್ಕಿದ್ದಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಹಸಿರು ನೆರಳುಬಲೆ ಎಳೆಯುತ್ತೇನೆ. ಪೇಟೆಯ ಹೊಸ ಮನೆಗಳಲ್ಲಿ ಸಂದೇ ಬಿಡದೆ ಗಾಜು ಜಡಿದು, ಆಮೇಲೆ ಅದರ ಕೆಳಗೆ ಎಸಿ ಹಾಕಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಲಾಲ್‌ಬಾಗ್ ಕಟ್ಟಿದವರಿಗೆ ಈ ಗುಟ್ಟು ತಿಳಿದಿತ್ತು. ಜಾನ್ ಕ್ಯಾಮೆರಾನ್ ತೋಟದ ಮೇಲ್ವಿಚಾರಕನಾಗಿದ್ದಾಗ, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೊದಿಂದ, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನದು. ಆದರೂ ಒಳಗೆ ನಿಂತವರಿಗೆ ಉಸಿರು ಕಟ್ಟುವುದಿಲ್ಲ: ಮೇಲೆ ಗಾಜು, ಕೆಳಗೆ ಗಾಳಿ. ಅಷ್ಟು ದೂರವಾದರೂ ಯಾಕೆ, ಬೇಲೂರಿನ ಚೆನ್ನಕೇಶವನ ಗುಡಿಗೇ ಹೋಗಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ನವರಂಗಕ್ಕೆ ಗೋಡೆಯಿರಲಿಲ್ಲ. ಕಂಬಗಳ ನಡುವೆ ಕಲ್ಲಿನ ಜಾಲಂಧ್ರ ಕೂರಿಸಿದ್ದು ಅವನ ಮೊಮ್ಮಗ ವೀರಬಲ್ಲಾಳ. ಬೆಳಕನ್ನು ತಡೆಯದೆ ಸೋಸುವ ವಿದ್ಯೆ ಈ ಮಣ್ಣಿನದೇ.

ಇನ್ನು ಒಳಗಿನ ಸಂಸಾರ. ತೊಟ್ಟಿಯ ಮೂಲೆಯ ಕಂಬಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದೇನೆ. ಅರೆನೆರಳು, ತೇವ, ಒಣಗಾಳಿಯ ಕಾಟವಿಲ್ಲ. ಅದಕ್ಕೆ ಇನ್ನೇನು ಬೇಕು? ದೊಡ್ಡಮ್ಮನಿಗೆ ದಿನದ ಎಲೆ ಮನೆಯಲ್ಲೇ ಸಿಗುತ್ತಿದೆಯಾದ್ದರಿಂದ ಗಾಜಿನ ಮೇಲಿನ ತಕರಾರು ತಣ್ಣಗಾಗಿದೆ. ತೂಗುಹಾಕಿದ ಮರದ ತುಂಡುಗಳಲ್ಲಿ ಸೀತಾಳೆ ದಂಡೆ. ಕಾಡಿನ ಮರದಿಂದ ಕಿತ್ತು ತಂದದ್ದಲ್ಲ, ನರ್ಸರಿಯದು. ಗಾಳಿಯಲ್ಲೇ ಜೋತುಬಿದ್ದ ಅದರ ಬೇರಿಗೆ ಬಿಳಿಯ ಸ್ಪಂಜಿನಂಥ ಹೊದಿಕೆ. ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ. ಈ ಒಂದು ಚೋದ್ಯ ನೋಡಲೆಂದೇ ನಾನು ಬೆಳಗಿನ ಕಾಫಿಯನ್ನು ತೊಟ್ಟಿಗೆ ಒಯ್ಯುವುದು. ಬೋರ್‌ವೆಲ್ ನೀರಾದರೆ ಎಲೆಯ ಮೇಲೆ ಬಿಳಿ ಉಪ್ಪು ಕೂರುತ್ತದೆ. ಸಂಪಿನ ಮಳೆನೀರಿಗೆ ಆ ಬುದ್ಧಿಯಿಲ್ಲ.

ಬ್ರಹ್ಮಕಮಲದ ಕಥೆ ಬೇರೆ. ಹೆಸರು ಹಿಮಾಲಯದ್ದು, ಹುಟ್ಟು ಮೆಕ್ಸಿಕೊ ಕಡೆಯ ಕಳ್ಳಿ ಜಾತಿಯಲ್ಲಿ. ಮೊಗ್ಗು ಕತ್ತೆತ್ತಿದ ಸಂಜೆ ಬೀದಿಗೆಲ್ಲ ಸುದ್ದಿ. ಊಟ ಮುಗಿಸಿ ಬಂದವರು ಜಗಲಿಯ ಮೇಲೆ ಸಾಲಾಗಿ ಕೂತು, ಹತ್ತು ಗಂಟೆಗೆ ದಳ ಬಿರಿಯತೊಡಗಿದರೆ ಆರತಿಯನ್ನೂ ಎತ್ತುತ್ತಾರೆ. ಮೊದಲೆಲ್ಲ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿನಲ್ಲಿ ನಡೆಯುತ್ತಿದ್ದ ಸಮಾರಂಭವಿದು.

ಕೆಲಸವೂ ಉಂಟು. ಎಲೆಯ ಧೂಳು ತೊಳೆಯಲು ಇಲ್ಲಿ ಮಳೆಯಿಲ್ಲ. ಹಿಟ್ಟುತಿಗಣೆ ಸಂದಿಯಲ್ಲಿ ಸೇರಿಕೊಂಡರೆ ಹೇಳುವವರು ಕೇಳುವವರಿಲ್ಲ. ಒದ್ದೆಬಟ್ಟೆಯಲ್ಲಿ ಎಲೆ ಎಲೆ ಒರೆಸಬೇಕು, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಬೇಕು. ಇದನ್ನು ದಂಡವೆನ್ನುವವರು ಗಾಜಿನ ಗೋಜಿಗೆ ಹೋಗದಿರುವುದು ಒಳ್ಳೆಯದು. ನನಗಂತೂ ಬ್ಯಾಂಕಿನ ಲೆಕ್ಕ, ಟಿವಿಯ ಗದ್ದಲ ಮರೆಯಲು ಇದಕ್ಕಿಂತ ಅಗ್ಗದ ಉಪಾಯ ಕಂಡಿಲ್ಲ.

ಹಾಕಿಸುವವರಿಗೆ ಒಂದು ಮಾತು. ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ಡೇ ಆಗಿರಲಿ. ಒಡೆದರೂ ನಡುವಿನ ಪದರಕ್ಕೆ ಕಚ್ಚಿಕೊಂಡಿರುತ್ತದೆ, ಸುರಿಯುವುದಿಲ್ಲ. ಇಂಗ್ಲೆಂಡಿನ ಪುಸ್ತಕಗಳು ಹಿಮದ ಭಾರದ ಲೆಕ್ಕ ಹೇಳುತ್ತವೆ, ತೆಂಗಿನಕಾಯಿಯ ಲೆಕ್ಕ ಹೇಳುವುದಿಲ್ಲ. ಕೋತಿಗಳ ಮಾತಂತೂ ಯಾವ ಪುಸ್ತಕದಲ್ಲೂ ಇಲ್ಲ. ಗಾಜಿನ ಮೇಲೊಂದು ಗಟ್ಟಿ ಕಬ್ಬಿಣದ ಜಾಲರಿ ನಮ್ಮಲ್ಲಿ ಕಡ್ಡಾಯ. ಸುತ್ತಲಿನ ಸಂದಿಗೆ ಮಾತ್ರ ಜಾಲರಿ ಹಾಕಿಸಲಿಲ್ಲ, ಸೂರಕ್ಕಿಗಳು ಅಲ್ಲಿಂದಲೇ ಓಡಾಡುತ್ತವೆ.

ಈಗಿನ ವ್ಯಾಜ್ಯ ಗಿಡಗಳದ್ದಲ್ಲ. ಜಡಿಮಳೆಯಲ್ಲೂ ಇಲ್ಲಿ ಬಟ್ಟೆ ಒಣಗುತ್ತದೆ ಎಂಬುದನ್ನು ಮನೆಯವರು ಕಂಡುಕೊಂಡರು, ಆಮೇಲೆ ರಾಗಿ, ಆಮೇಲೆ ಸಂಡಿಗೆ. ಈ ಆಷಾಢದಲ್ಲಿ ನನ್ನ ಆಂಥೂರಿಯಂ ಕುಂಡಗಳೆಲ್ಲ ಬಚ್ಚಲ ಬಾಗಿಲಿಗೆ ಸರಿದಿವೆ. "ಹೂವನ್ನ ಊಟಕ್ಕೆ ಕರ್ಕೊಳಕ್ಕೆ ಆಗುತ್ತೇನ್ರೀ?" ಎಂದು ಕೇಳಿದಳು ನಮ್ಮವಳು. ಉತ್ತರ ಕೊಡಬೇಕೆಂದಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯವರೂ ಒಂದು ಮೊರ ಮೆಣಸಿನಕಾಯಿ ಹಿಡಿದು ಒಳಗೆ ಬಂದರು.