ಗಣಕಯಂತ್ರಕ್ಕೊಂದು ಒಳ್ಳೆಯ ಕಿವಿ

ಮಾಗಡಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆಯಿದೆ. ಅದರಲ್ಲಿ ನಲವತ್ತೆರಡು ಕ್ಯಾಸೆಟ್ಟುಗಳಿವೆ. ಮಠದಲ್ಲಿ ನಮಗೆ ವಿದ್ಯೆ ಕಲಿಸಿದ ಗುರುಗಳು 1980ರ ದಶಕದಲ್ಲಿ ಮಾಗಡಿ ಮತ್ತು ಕನಕಪುರ ಸೀಮೆಯ ಹಳ್ಳಿಗಳಲ್ಲಿ ಶ್ರಾವಣಮಾಸದ ಸಂಜೆಗಳಂದು ನಡೆಸಿಕೊಟ್ಟ ವಚನ ಪ್ರವಚನಗಳ ಧ್ವನಿಮುದ್ರಿಕೆಗಳು ಅವು. ಗುರುಗಳು ಲಿಂಗೈಕ್ಯರಾಗಿ ಮೂವತ್ತು ವರ್ಷಗಳಿಗೂ ಮೇಲಾಯಿತು. ಅವರು ಒಂದು ಗ್ರಂಥವನ್ನೂ ಬರೆಯಲಿಲ್ಲ. ಅವರ ವಿದ್ವತ್ತೆಲ್ಲ ಮಾತಿನಲ್ಲಿಯೇ ಇತ್ತು, ಮಾತಿನೊಡನೆಯೇ ಹೋಯಿತು. ಉಳಿದಿರುವುದು ಆ ಪೆಟ್ಟಿಗೆಯೊಂದೇ.

ಕ್ಯಾಸೆಟ್ಟು ಶಾಶ್ವತವೆಂದು ನಾವು ಬಹುಕಾಲ ನಂಬಿದ್ದೆವು. ಫಿಲಿಪ್ಸ್ ಕಂಪನಿಯು 1963ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಸಾಧನದಲ್ಲಿರುವುದು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಲೇಪಿಸಿದ ಕಾಂತೀಯ ಪುಡಿ, ಅಷ್ಟೆ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯುವ ಆ ಪಟ್ಟಿಯು ವರ್ಷಗಳುರುಳಿದಂತೆ ಬೂಷ್ಟು ಹಿಡಿಯುತ್ತದೆ, ಸುಕ್ಕಾಗುತ್ತದೆ, ಲೇಪವು ಉದುರುತ್ತದೆ. ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಅವರ ಆಶೀರ್ವಚನದ ಧ್ವನಿಯನ್ನು ಮತ್ತೊಮ್ಮೆ ಕೇಳಬೇಕೆಂದು ಹಂಬಲಿಸಿದ ಅಸಂಖ್ಯಾತ ಭಕ್ತರಲ್ಲಿ ನಾವೂ ಒಬ್ಬರು. ಆ ದಿನವೇ ನಮಗೆ ಅಟ್ಟದ ಮೇಲಿನ ಪೆಟ್ಟಿಗೆಯ ನೆನಪಾಯಿತು. ಆದರೆ ನೆನಪಾದದ್ದನ್ನು ಕೈಗೆತ್ತಿಕೊಳ್ಳಲು ಮತ್ತೆ ಕೆಲವು ವರ್ಷಗಳೇ ಹಿಡಿದವು. ಆಲಸ್ಯವೆಂಬುದು ವಿದ್ವಾಂಸರಿಗೇನೂ ಅಪರಿಚಿತವಲ್ಲ.

ಮೊದಲು ಬೇಕಾದದ್ದು ಕ್ಯಾಸೆಟ್ಟನ್ನು ನುಡಿಸುವ ಯಂತ್ರ. ನಮ್ಮ ಹಳೆಯ ಟೇಪ್ ರೆಕಾರ್ಡರಿನ ರಬ್ಬರ್ ಪಟ್ಟಿ ಸಡಿಲಗೊಂಡು, ಗುರುಗಳ ಮಾತು ನಿದ್ದೆಗಣ್ಣಿನಲ್ಲಿ ಆಡಿದ ಮಾತಿನಂತೆ ಎಳೆದೆಳೆದು ಕೇಳುತ್ತಿತ್ತು. ಚನ್ನಪಟ್ಟಣದಲ್ಲಿ ರೇಡಿಯೋ ರಿಪೇರಿಯ ಹಿರಿಯರೊಬ್ಬರು ಹೊಸ ಪಟ್ಟಿ ಹಾಕಿ ಸರಿಪಡಿಸಿಕೊಟ್ಟರು. ಹಿಂದಿರುಗುವಾಗ ರಾಮನಗರದ ದಾರಿಯಲ್ಲಿ ಜಾನಪದ ಲೋಕದ ಮುಂದೆ ಇಳಿದೆವು. ಎಚ್. ಎಲ್. ನಾಗೇಗೌಡರು ಊರೂರು ಅಲೆದು, ಹಳ್ಳಿಯ ಹಾಡುಗಾರರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಪದಗಳನ್ನು ಸಂಗ್ರಹಿಸಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ಆ ಜಾನಪದ ಲೋಕವನ್ನೂ ಕಟ್ಟಿದವರು. ಹಾಡಿದ ಬಾಯಿಗಳು ಮಣ್ಣಾದರೂ ಹಾಡು ಉಳಿಯಬೇಕೆಂಬ ಅವರ ಛಲವನ್ನು ನೆನೆದು, ಕೇವಲ ನಲವತ್ತೆರಡು ಕ್ಯಾಸೆಟ್ಟುಗಳನ್ನು ಉಳಿಸಲಾರೆವೇ ಎಂದುಕೊಂಡು ಮನೆ ಸೇರಿದೆವು.

ಮನೆಯಲ್ಲಿ ಮೊಮ್ಮಗಳ ಲ್ಯಾಪ್‌ಟಾಪ್ ಇತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ರಂಧ್ರವಿತ್ತು. ತಂತಿಯೊಂದನ್ನು ತಂದು ಟೇಪ್ ರೆಕಾರ್ಡರಿನಿಂದ ಆ ರಂಧ್ರಕ್ಕೆ ಸೇರಿಸಿದೆವು. ಒಂದು ವಾರದಲ್ಲಿ ಹನ್ನೊಂದು ಕ್ಯಾಸೆಟ್ಟುಗಳು ಗಣಕಯಂತ್ರದೊಳಗೆ ಸೇರಿದವು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಎಂಟನೆಯ ದಿನ ಕುಳಿತು ಕೇಳಿದಾಗ ಎದೆ ಧಸಕ್ಕೆಂದಿತು. ಗುರುಗಳು ದನಿಯೆತ್ತಿದ ಕಡೆಯೆಲ್ಲ ಒಡೆದ ತಮಟೆಯ ಸದ್ದು. ಹಿಂದೆ ಒಂದೇ ಸಮನೆ ಗುಂಯ್‌ಗುಡುವ ನಾದ. ಎಲ್ಲಕ್ಕಿಂತ ಮಿಗಿಲಾದ ನಷ್ಟವೆಂದರೆ, ವಚನದ ಕೊನೆಯಲ್ಲಿ ಅಂಕಿತ ಬರುವಾಗ ಗುರುಗಳು ದನಿ ತಗ್ಗಿಸಿ, ತಮಗೆ ತಾವೇ ಹೇಳಿಕೊಳ್ಳುವಂತೆ ನುಡಿಯುತ್ತಿದ್ದರಲ್ಲ, ಆ ಮೆಲುದನಿಯೇ ಮಾಯವಾಗಿತ್ತು. ಸರಿ, ಮತ್ತೆ ಮುದ್ರಿಸೋಣವೆಂದು ಮೂರನೆಯ ಕ್ಯಾಸೆಟ್ಟನ್ನು ಹಾಕಿದೆವು. ಅದು 120 ನಿಮಿಷದ್ದು. ಅಂಥವುಗಳ ಪಟ್ಟಿಯು 60 ನಿಮಿಷದ ಕ್ಯಾಸೆಟ್ಟಿನ ಪಟ್ಟಿಯ ಸುಮಾರು ಅರ್ಧದಷ್ಟೇ ದಪ್ಪವಿರುತ್ತದೆಂಬುದು ನಮಗೆ ತಿಳಿದಿರಲಿಲ್ಲ. ಪಟ್ಟಿಯು ಉರುಳೆಗೆ ಸುತ್ತಿಕೊಂಡು ಮುದುಡಿ ಹರಿಯಿತು. ಏಳು ನಿಮಿಷಗಳ ಮಾತು ಈಗ ನಮ್ಮಲ್ಲಿರುವುದು ಆ ಒಡಕು ರೂಪದಲ್ಲಿ ಮಾತ್ರ. ಯಾರನ್ನೂ ದೂರುವಂತಿಲ್ಲ. ತಿಳಿಯದೆ ಆತುರಪಟ್ಟವರು ನಾವು.

ಕನಕಪುರದಲ್ಲಿರುವ ನಮ್ಮ ತಂಗಿಯ ಮಗ ಎಲೆಕ್ಟ್ರಾನಿಕ್ಸ್ ಓದಿದವನು. ಬಂದು ನೋಡಿ ನಕ್ಕ. “ಮಾವ, ನೀವು ಕಾಲುವೆಯ ನೀರನ್ನು ಗಿಂಡಿಗೆ ಹರಿಸಿದ್ದೀರಿ” ಎಂದ. ಲ್ಯಾಪ್‌ಟಾಪಿನ ಆ ರಂಧ್ರವು ಮೈಕಿಗಾಗಿ ಇರುವುದು. ಮೈಕಿನಿಂದ ಬರುವ ವಿದ್ಯುತ್ ಸಂಕೇತವು ವೋಲ್ಟಿನ ಸಾವಿರದ ಕೆಲವೇ ಭಾಗಗಳಷ್ಟು. ಟೇಪ್ ರೆಕಾರ್ಡರಿನ ಹಿಂಬದಿಯಿಂದ ಬರುವುದು ಅದರ ನೂರಾರು ಪಟ್ಟು. ಗಿಂಡಿ ತುಂಬಿ ಹೊರಚೆಲ್ಲದೆ ಇನ್ನೇನಾದೀತು? ಇನ್ನು ಆ ಗುಂಯ್‌ಗುಡುವಿಕೆಯು ಮನೆಯ ವಿದ್ಯುತ್ತಿನದು. ಸೆಕೆಂಡಿಗೆ 50 ಬಾರಿ ಆವರ್ತಿಸುವ ಅದು ಚಾರ್ಜರಿನ ಮೂಲಕ ಧ್ವನಿಯೊಳಗೆ ನುಸುಳಿತ್ತು. ಮೆಲುದನಿ ಮಾಯವಾದುದಕ್ಕೆ ಕಾರಣ, ದೂರದವರೊಡನೆ ಮಾತನಾಡುವಾಗ ಹಿನ್ನೆಲೆಯ ಗದ್ದಲವನ್ನು ಅಳಿಸಲೆಂದು ಲ್ಯಾಪ್‌ಟಾಪು ತಾನಾಗಿಯೇ ಬಳಸುವ ಸೋಸುವಿಕೆ. ಗುರುಗಳ ಪಿಸುನುಡಿಯನ್ನು ಅದು ಗದ್ದಲವೆಂದು ಭಾವಿಸಿತ್ತು!

ಈ ವಿವರಣೆ ಕೇಳುತ್ತಿದ್ದಂತೆ ನಮಗೆ ಮಠದಲ್ಲಿ ಓದಿದ ವ್ಯಾಕರಣದ ಪಾಠ ನೆನಪಾಯಿತು. ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಗಳನ್ನು ವಾಚಕರು ಶಾಲೆಯಲ್ಲಿ ಕಲಿತಿರುತ್ತಾರೆ. ಇದ್ದದ್ದು ಬಿಟ್ಟುಹೋಗುವುದು ಲೋಪ, ಇಲ್ಲದ್ದು ಬಂದು ಸೇರುವುದು ಆಗಮ, ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕೂಡುವುದು ಆದೇಶ. ತಾಡವೋಲೆಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರಿಂದ ಆಗುತ್ತಿದ್ದ ತಪ್ಪುಗಳೂ ಬಹುಪಾಲು ಈ ಮೂರೇ ಬಗೆಯವು. ಮೆಲುದನಿ ಹೋದದ್ದು ಲೋಪ; ವಿದ್ಯುತ್ತಿನ ನಾದ ಬಂದದ್ದು ಆಗಮ; ತುಂಬುದನಿ ಹೋಗಿ ಒಡಕುದನಿ ಬಂದದ್ದು ಆದೇಶ. ವ್ಯಾಕರಣದಲ್ಲಿ ಇವು ನಿಯಮಗಳು, ಪ್ರತಿ ಮಾಡುವವನಲ್ಲಿ ದೋಷಗಳು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರುವ ಮುನ್ನ ಎಷ್ಟು ಓಲೆಗಳನ್ನು ಹುಡುಕಬೇಕಾಯಿತು, ಎಷ್ಟು ತಾಳ್ಮೆಯಿಂದ ಓದಬೇಕಾಯಿತು ಎಂಬುದನ್ನು ಬಲ್ಲವರಿಗೆ, ಒಬ್ಬ ಪ್ರಾಮಾಣಿಕ ಲಿಪಿಕಾರನ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಹ್ಯ ಸೌಂಡ್ ಕಾರ್ಡ್ ಎಂಬ ಪುಟ್ಟ ಪೆಟ್ಟಿಗೆಯು ಅಂಥ ಲಿಪಿಕಾರ. ಗಣಕಯಂತ್ರಕ್ಕೆ ಧ್ವನಿ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸಂಖ್ಯೆಯಾಗಿ ಬರೆಯುವುದೂ, ಮತ್ತೆ ಕೇಳಿಸುವಾಗ ಸಂಖ್ಯೆಯನ್ನು ಅಲೆಯಾಗಿ ಮಾಡುವುದೂ ಸೌಂಡ್ ಕಾರ್ಡಿನ ಕಾಯಕ. ಪ್ರತಿ ಗಣಕಯಂತ್ರದೊಳಗೂ ಅದು ಇದ್ದೇ ಇರುತ್ತದೆ. ಆದರೆ ಅಲ್ಲಿ ಇತರ ಬಿಡಿಭಾಗಗಳ ವಿದ್ಯುತ್ ಗದ್ದಲದ ನಡುವೆ ಕುಳಿತು ಬರೆಯಬೇಕು. ಸಂತೆಯಲ್ಲಿ ಕುಳಿತು ಓಲೆ ಬರೆದಂತೆ. ಅದನ್ನೇ ಪ್ರತ್ಯೇಕ ಪೆಟ್ಟಿಗೆಯಾಗಿಸಿ ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಬಾಹ್ಯ ಸೌಂಡ್ ಕಾರ್ಡ್ ಆಗುತ್ತದೆ.

ಕೊಳ್ಳಲು ಹೊರಟಾಗ ಹೊಸ ಗೊಂದಲ. ಕೆಲವು ನೂರು ರೂಪಾಯಿಗೆ ಸಿಗುವ ಬೆರಳುದ್ದದ ಕಡ್ಡಿಗಳಿವೆ. ಆದರೆ ಅವುಗಳಲ್ಲಿ ಬಹುತೇಕ ಮೈಕಿನ ರಂಧ್ರವೊಂದೇ ಇರುವುದರಿಂದ, ಬಿಟ್ಟು ಬಂದ ತಪ್ಪಿಗೇ ಮತ್ತೆ ಹಣ ಕೊಟ್ಟಂತಾಗುತ್ತಿತ್ತು. ಇನ್ನೊಂದು ತುದಿಯಲ್ಲಿ ಸೆಕೆಂಡಿಗೆ 1,92,000 ಬಾರಿ ಅಳೆಯುತ್ತೇವೆಂದು ಸಾರುವ ದುಬಾರಿ ಪೆಟ್ಟಿಗೆಗಳು. ಗುರುಗಳ ಧ್ವನಿಗೆ ಅತ್ಯುತ್ತಮವಾದುದೇ ಬೇಕಲ್ಲವೇ ಎಂದು ಪಿಂಚಣಿಯ ಹಣವನ್ನೆಲ್ಲ ಅದಕ್ಕೇ ಇಡಲು ಹೊರಟಿದ್ದೆವು. ಆ ವಾರವೇ ರಾಮನಗರದಲ್ಲಿ ಒಂದು ಮದುವೆ. ಅಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬಿನ ಹಳೆಯ ಸ್ನೇಹಿತರು ಸಿಕ್ಕರು. ವಿಷಯ ತಿಳಿಸಿದಾಗ ಅವರೆಂದರು: “ಸ್ವಾಮಿ, ಗೂಡಿನಲ್ಲಿ ಇದ್ದಷ್ಟೇ ನೂಲು ಬರೋದು. ಲಕ್ಷ ಕೊಟ್ಟು ಯಂತ್ರ ತಂದರೂ ಗೂಡಿಗೆ ನೂಲು ಸೇರಿಸಕ್ಕಾಗಲ್ಲ. ಇರೋ ನೂಲನ್ನ ತುಂಡು ಮಾಡದೆ ಬಿಚ್ಚಿದರೆ ಅದೇ ಒಳ್ಳೆ ಯಂತ್ರ. ಅದಕ್ಕೂ ಮೊದಲು ಗೂಡನ್ನ ಹದವಾಗಿ ಬೇಯಿಸಬೇಕು.”

ಈ ಮಾತು ನಮ್ಮ ಆಯ್ಕೆಯನ್ನು ಸುಲಭಗೊಳಿಸಿತು. ಮನುಷ್ಯರ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನಷ್ಟೇ ಕೇಳಬಲ್ಲದು. ಹಳೆಯ ಕ್ಯಾಸೆಟ್ಟಿನಲ್ಲಿ ಅಷ್ಟೂ ಇರುವುದಿಲ್ಲ. 48,000 ಬಾರಿ ಅಳೆದರೆ 24,000 ಕಂಪನಗಳವರೆಗೆ ಹಿಡಿಯಬಹುದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐ.ಎ.ಎಸ್.ಎ. ಕೂಡ ಕನಿಷ್ಠ 48,000 ಅಳತೆ ಮತ್ತು 24 ಬಿಟ್ ಸೂಕ್ಷ್ಮತೆಯನ್ನು ಶಿಫಾರಸು ಮಾಡುತ್ತದೆ. ನಮಗೆ ಬೇಕಾದದ್ದು ಮೂರೇ ಗುಣ: ಟೇಪ್ ರೆಕಾರ್ಡರಿನ ಸಂಕೇತವನ್ನು ನೇರವಾಗಿ ಸ್ವೀಕರಿಸುವ ‘ಲೈನ್ ಇನ್’ ಪ್ರವೇಶ, ಮಟ್ಟವನ್ನು ಕೈಯಿಂದಲೇ ಏರಿಸಿ ಇಳಿಸುವ ಗುಂಡಿ, ಮತ್ತು 24 ಬಿಟ್ ಸೂಕ್ಷ್ಮತೆ. ಕೇವಲ ಕ್ಯಾಸೆಟ್ಟು, ಅದೂ ಕೇಳುವುದಕ್ಕಷ್ಟೇ ಎಂಬವರಿಗೆ ಬೆಹ್ರಿಂಗರ್ ಯುಸಿಎ 202ರಂಥ 16 ಬಿಟ್ಟಿನ ಸರಳ ಪೆಟ್ಟಿಗೆಯೂ ಸಾಕು. ಅದರಲ್ಲಿ ಲೈನ್ ಪ್ರವೇಶವಿದೆ, ಕೇಳಲು ಹೆಡ್‌ಫೋನ್ ರಂಧ್ರವಿದೆ. ಮುಂದೆ ಮೈಕಿಟ್ಟು ಪ್ರವಚನವನ್ನೋ ಮಕ್ಕಳ ವಚನಗಾಯನವನ್ನೋ ಮುದ್ರಿಸುವ ಆಸೆಯುಳ್ಳವರು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ರಂಥ, ಎರಡು ಪ್ರವೇಶಗಳೂ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟೂ ಇರುವ ಮಾದರಿಯನ್ನು ನೋಡಬಹುದು. ನಾವು ಈ ಎರಡನೆಯ ಬಗೆಯದನ್ನು ಕೊಂಡೆವು. ಪಿಂಚಣಿ ಪೂರ್ತಿ ಕರಗಲಿಲ್ಲ.

ಸ್ನೇಹಿತರು ಹೇಳಿದ ‘ಬೇಯಿಸುವ’ ಕೆಲಸವನ್ನೂ ಮರೆಯಬಾರದು. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಬಹುಕಾಲ ಮಲಗಿದ್ದ ಕ್ಯಾಸೆಟ್ಟನ್ನು ನುಡಿಸುವ ಮೊದಲು ಒಮ್ಮೆ ತುದಿಯಿಂದ ತುದಿಗೆ ಸುತ್ತಿಸಬೇಕು. ತೆಳುಪಟ್ಟಿಯವನ್ನು ಕೊನೆಗೆ, ಕೈಪಳಗಿದ ಮೇಲೆ ಹಾಕಬೇಕು. ಗಣಕಯಂತ್ರದ ಸೋಸುವ ಸೌಲಭ್ಯಗಳನ್ನೆಲ್ಲ ಮುಚ್ಚಿ, ಗುಂಯ್‌ಗುಟ್ಟಿದರೆ ಚಾರ್ಜರನ್ನು ಕಿತ್ತು, ಬ್ಯಾಟರಿಯಲ್ಲೇ ನಡೆಸಬೇಕು. ಅತಿ ಎತ್ತರದ ದನಿಯ ಭಾಗವನ್ನು ಮೊದಲು ನುಡಿಸಿ, ಅದು ಅಳತೆಗೋಲಿನ ತುದಿ ಮುಟ್ಟದಂತೆ ಗುಂಡಿಯನ್ನು ನಿಲ್ಲಿಸಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿ, ಮೂಲ ಪ್ರತಿಯನ್ನು ವೇವ್ ರೂಪದಲ್ಲಿಯೇ ಇಡಬೇಕು. ಎಂಪಿ3 ರೂಪವು ಚಿಕ್ಕದಾಗಲು ಧ್ವನಿಯ ಕೆಲವಂಶಗಳನ್ನು ಬಿಡುತ್ತದೆ. ಅದು ಹಂಚುವುದಕ್ಕೆ ಮಾತ್ರ. ಒಂದು ಗಂಟೆಯ ಧ್ವನಿಗೆ ಸುಮಾರು ಒಂದು ಜಿಬಿ ಜಾಗ ಬೇಕು. ನಮ್ಮ ಇಡೀ ಪೆಟ್ಟಿಗೆ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಅಡಗಿತು. ಪ್ರತಿಗಳು ಮೂರಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ನಮ್ಮದೊಂದು ಕನಕಪುರದಲ್ಲಿದೆ. ಕ್ಯಾಸೆಟ್ಟನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

ಈ ಕೆಲಸದಲ್ಲಿ ಒಳದಾರಿಯಿಲ್ಲ. ಒಂದು ಗಂಟೆಯ ಪ್ರವಚನವನ್ನು ಪ್ರತಿ ಮಾಡಲು ಒಂದು ಗಂಟೆಯೇ ಬೇಕು. ಮೊದಲು ಇದು ನಮಗೆ ಬೇಸರ ತರಿಸಿತ್ತು. ಆದರೆ ದಿನವೂ ಸಂಜೆ ಪೂಜೆ ಮುಗಿದ ಮೇಲೆ ಒಂದೊಂದು ಕ್ಯಾಸೆಟ್ಟಿನಂತೆ ಹಾಕತೊಡಗಿದಾಗ, ಮನೆಯವರು ಒಬ್ಬೊಬ್ಬರಾಗಿ ಬಂದು ಕುಳಿತರು. ಮೊಮ್ಮಗಳು ಹೆಡ್‌ಫೋನ್ ಹಾಕಿಕೊಂಡು ಗುಂಡಿಯ ಉಸ್ತುವಾರಿ ವಹಿಸಿದಳು. ಹದಿನೇಳನೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಅವಳು ಸಟ್ಟನೆ ಕೈಯೆತ್ತಿ, “ತಾತ, ಅಜ್ಜಯ್ಯನೋರು ಉಸಿರು ಎಳ್ಕೊಳ್ಳೋದೂ ಕೇಳಿಸ್ತಿದೆ” ಎಂದಳು. ಹೆಡ್‌ಫೋನ್ ತೆಗೆದುಕೊಂಡು ಕೇಳಿದೆವು. ಅಂಕಿತವನ್ನು ನುಡಿಯುವ ಮುನ್ನ ಗುರುಗಳು ಒಂದು ಕ್ಷಣ ನಿಂತು, ಉಸಿರೆಳೆದು, ದನಿ ತಗ್ಗಿಸಿದರು. ನಾವು ಅವರ ಪದತಲದಲ್ಲಿ ಕುಳಿತಿದ್ದ ದಿನಗಳಲ್ಲಿ ಕೇಳಿದಂತೆಯೇ ಇತ್ತು.

ಮೂರನೆಯ ಕ್ಯಾಸೆಟ್ಟಿನ ಆ ಏಳು ನಿಮಿಷಗಳು ಮಾತ್ರ ಒಡೆದೇ ಉಳಿದಿವೆ. ಅವನ್ನು ಅಳಿಸಿಲ್ಲ, ತಿದ್ದಿಯೂ ಇಲ್ಲ. ತಮ್ಮ ಮನೆಯ ಅಟ್ಟದ ಮೇಲೆ ಅಜ್ಜಿಯ ಸೋಬಾನೆ ಪದವೋ, ತಂದೆಯವರ ಮಾತೋ, ಗುರುಗಳ ಪ್ರವಚನವೋ ಇರುವ ಬಂಧುಗಳು ನಮ್ಮಂತೆ ಆತುರಪಡದೆ, ನಮ್ಮಂತೆ ತಡವನ್ನೂ ಮಾಡದೆ, ಈ ಶ್ರಾವಣದೊಳಗೆ ಪೆಟ್ಟಿಗೆಯನ್ನು ಕೆಳಗಿಳಿಸಲಿ ಎಂಬುದಷ್ಟೇ ನಮ್ಮ ಬಿನ್ನಹ.