ಮೂಗಿನ ದುರ್ಮಾಂಸದೊಳಗೆ ಕೆರೆಯ ಜೀವಿ

ಫಾರ್ಮಲಿನ್ ಘಾಟಿಗೆ ನಿಮ್ಮ ಕಣ್ಣು ಉರಿಯುತ್ತಿದೆ. ಪೆಥಾಲಜಿ ಲ್ಯಾಬಿನ ಮೇಜಿನ ಮೇಲೆ ಪುಟ್ಟ ಡಬ್ಬಿ, ಜೊತೆಗೊಂದು ಚೀಟಿ: ಎಡ ಮೂಗಿನಲ್ಲಿ ದುರ್ಮಾಂಸ, ಮುಟ್ಟಿದರೆ ರಕ್ತ. ಡಾಕ್ಟರಮ್ಮ ಚಿಮಟದಲ್ಲಿ ತುಂಡನ್ನೆತ್ತಿ ದೀಪದ ಬೆಳಕಿಗೆ ಹಿಡಿಯುತ್ತಾರೆ. ಸಾಮಾನ್ಯ ದುರ್ಮಾಂಸ ನುಣುಪಾಗಿ ಹೊಳೆಯುತ್ತದೆ. ಇದರ ಮೈಯೆಲ್ಲ ತರಿತರಿ, ಅದರ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು.

ಮರುದಿನ ಸ್ಲೈಡು ಸಿದ್ಧ. ‘ನೋಡಿ’ ಎಂದು ಅವರು ಕುರ್ಚಿ ಬಿಟ್ಟುಕೊಡುತ್ತಾರೆ. ನಸುಗೆಂಪು ಅಂಗಾಂಶದ ನಡುವೆ ದಪ್ಪ ಗೋಡೆಯ ದುಂಡನೆಯ ಚೀಲಗಳು. ಕೆಲವು ಎಳೆಯವು. ಬಲಿತವು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿವೆ. ನಿನ್ನೆ ಬರಿಗಣ್ಣಿಗೆ ಕಂಡ ಚುಕ್ಕೆಗಳು ಇವೇ. ಸ್ಲೈಡನ್ನು ಸ್ವಲ್ಪ ಸರಿಸಿ. ಅಂಚಿನಲ್ಲೊಂದು ಚೀಲ ಆಗಷ್ಟೇ ಒಡೆದಂತಿದೆ. ಒಳಗೆ ಕಿಕ್ಕಿರಿದಿದ್ದ ಬೀಜಕಣಗಳು ಮೂಗಿನ ಒಳಪದರ ದಾಟಿ ಹೊರಗೆ ಚೆಲ್ಲಿವೆ. ಸುತ್ತಲೂ ದೇಹದ ಕಾವಲು ಕೋಶಗಳ ದಟ್ಟಣೆ.

ರೈನೋಸ್ಪೋರಿಡಿಯೋಸಿಸ್. ಜಗತ್ತಿನ ಬಹುಪಾಲು ಕಡೆ ಅಪರೂಪ. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲೇ ಹೆಚ್ಚು. 1900ರಲ್ಲಿ ಅರ್ಜೆಂಟೀನಾದ ಗಿಲೆರ್ಮೊ ಸೀಬರ್ ಈ ರೋಗ ತರುವ ಜೀವಿಯನ್ನು ವಿವರಿಸಿದಾಗ ಏಕಕೋಶಜೀವಿ ಎಂದುಕೊಂಡರು. 1923ರಲ್ಲಿ ವಿಜ್ಞಾನಿ ಆಶ್‌ವರ್ತ್ ಶಿಲೀಂಧ್ರವೆಂದರು. ಶತಮಾನದ ಕೊನೆಗೆ ವಂಶವಾಹಿ ಪರೀಕ್ಷೆ ಶಿಲೀಂಧ್ರದ ವಾದವನ್ನೂ ತಳ್ಳಿಹಾಕಿತು: ಪ್ರಾಣಿಗಳೂ ಶಿಲೀಂಧ್ರಗಳೂ ಕವಲೊಡೆದ ಜಾಗದ ಹತ್ತಿರದ್ದು ಇದು, ಮೀನುಗಳ ಪರೋಪಜೀವಿಗಳಿಗೆ ನೆಂಟ. ಲ್ಯಾಬಿನ ತಟ್ಟೆಯಲ್ಲಿ ಇದನ್ನು ಬೆಳೆಸಲು ಬರುವುದಿಲ್ಲ. ಹಾಗಾಗಿ ಈಗ ನಿಮ್ಮ ಕಣ್ಣೆದುರಿರುವ ಗಾಜಿನ ಚೂರೇ ಮುಖ್ಯ ಸಾಕ್ಷಿ. ಕತ್ತರಿಸಿದ ದುರ್ಮಾಂಸ ಎಷ್ಟೇ ಸಣ್ಣದಿರಲಿ, ಅದನ್ನು ಕಸಕ್ಕೆ ಹಾಕಕೂಡದು ಎನ್ನುವುದು ಇದಕ್ಕೇ.

ಡಾಕ್ಟರಮ್ಮ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡುತ್ತಾರೆ.

‘ಸರ್, ನಿಮ್ಮ ಪೇಷೆಂಟು ಕೆರೆ–ಹೊಳೆಗೆ ಇಳಿಯುತ್ತಾರಾ?’

‘ಹೊಳೇಲಿ ಮುಳುಗಿ ಮರಳು ತೆಗೆಯೋರು ಮೇಡಂ.’

ಡಾಕ್ಟರಮ್ಮ ತಲೆಯಾಡಿಸುತ್ತಾರೆ. ಕೆರೆ–ಹೊಳೆಯ ನೀರು, ಮೂಗಿನೊಳಗೆ ಮರಳು ಗೀರಿದ ಸಣ್ಣ ಗಾಯ: ಸೋಂಕು ಹೀಗೇ ಒಳಹೊಗುತ್ತದೆಂದು ವೈದ್ಯರು ಬಹುಕಾಲದಿಂದ ನಂಬಿದ್ದಾರೆ.

‘ಬುಡ ಸುಟ್ಟಿದ್ದೀರಲ್ಲ?’

‘ಕಾಟರಿ ಮಾಡಿದ್ದೀವಿ.’

‘ಒಂದು ಬೀಜಕಣ ಉಳಿದರೂ ಮತ್ತೆ ಬರಬಹುದು ಸರ್. ಡ್ಯಾಪ್ಸೋನ್ ಕೊಡೋದನ್ನ ಯೋಚಿಸಿ.’

ಕುಷ್ಠರೋಗದ ಆ ಹಳೆಯ ಮಾತ್ರೆ ಮರುಕಳಿಕೆಯನ್ನು ತಗ್ಗಿಸಲೆಂದು ಇಲ್ಲೂ ಬಳಕೆಯಲ್ಲಿದೆ. ಅತ್ತಲಿಂದ ಪ್ರಶ್ನೆ ಬರುತ್ತದೆ: ಕೆಲಸಕ್ಕೆ ಯಾವಾಗ ಹೋಗಲಿ ಅಂತ ಕೇಳ್ತಿದ್ದಾರೆ, ಏನು ಹೇಳಲಿ?

‘ನೀರಿಗಿಳಿಯದ ಕೆಲಸ ಸಿಗುತ್ತಾ ಕೇಳಿ ಸರ್.’