ಗುಂಟೆ ಜಾಗ, ಗಂಟಿನ ರೊಕ್ಕ

ಕೈಯಾಗ ನಾಲ್ಕು ರೊಕ್ಕ ಕೂಡಿದವರಿಗೆಲ್ಲ ಈಗ ಒಂದೇ ಮಾತು ಹೇಳತಾರೆ: "ಒಂದು ಪ್ಲಾಟ್ ಹಿಡಿದಿಡ್ರಿ." ಬಂಗಾರ ಕಳ್ಳ ಒಯ್ದಾನು, ಬ್ಯಾಂಕಿನ ಬಡ್ಡಿ ಸಾಲದು, ಭೂಮಿ ಎಲ್ಲಿ ಹೋಗತೈತಿ ಅನ್ನೋದು ಅವರ ಲೆಕ್ಕ. ನಾನು ಅಕ್ಕಲಕೋಟ ತಾಲೂಕಿನಾಗ ಒಕ್ಕಲುತನ ಮಾಡುವವ, ಏಳನೇ ಇಯತ್ತೆವರೆಗೆ ಕನ್ನಡ ಸಾಲಿ ಕಲಿತವ. ಭಜನಿ ಪದ, ಹಂತಿ ಪದ ಹಾಡುತ್ತ ಊರೂರು ತಿರುಗುವಾಗ ಈ ಪ್ಲಾಟಿನ ಗೋಳು ಬಹಳ ಮಂದಿಯ ಬಾಯಿಂದ ಕೇಳಿದ್ದೇನೆ. ಭೂಮಿ ಎಲ್ಲೂ ಹೋಗೂದಿಲ್ಲ ಖರೆ. ಅದರೊಳಗ ಹಾಕಿದ ರೊಕ್ಕವೂ ಹೊರಗ ಬರೂದಿಲ್ಲ.

ನನ್ನ ಅಳಿಯ ಸೊಲ್ಲಾಪುರದಾಗ ಪವರ್‌ಲೂಮಿನ ಮೇಲೆ ಚಾದರ ನೇಯುತ್ತಾನೆ. ಮಗಳು ಬೀಡಿ ಕಟ್ಟುತ್ತಾಳೆ. ಹನ್ನೊಂದು ವರ್ಷ ಕೂಡಿಸಿದ ರೊಕ್ಕದಿಂದ ಪಟ್ಟಣದ ಹೊರಗ ಎರಡು ಗುಂಟೆ ಜಾಗ ತಗೊಂಡರು. ದಲಾಲ ಸುಣ್ಣದ ಗೆರೆ ಎಳೆದು, ಮೂಲೆಗೆ ಕಲ್ಲು ನಿಲ್ಲಿಸಿ ತೋರಿಸಿದ. ಬಾಂಡ್ ಪೇಪರಿನ ಮೇಲೆ ಬರೆದು, ನೋಟರಿ ಸಿಕ್ಕಾ ಹೊಡೆಸಿ ಕೊಟ್ಟರು. ಕಾಗದ ಮರಾಠಿಯಾಗಿತ್ತು. ಅಳಿಯನಿಗೆ ಬಜಾರದ ಮರಾಠಿ ಬರತೈತಿ, ಕಚೇರಿಯ ಮರಾಠಿ ತಿಳಿಯೂದಿಲ್ಲ.

ಉತಾರದಾಗ ಹೆಸರು ಏರಿಸಲು ಹೋದಾಗ ಒಂದೊಂದೇ ತೊಡಕು ಹೊರಬಿತ್ತು. ನೋಟರಿ ಕಾಗದದಿಂದ ಮಾಲಕಿ ಬರೂದಿಲ್ಲ, ಖರೀದಿ ರಜಿಸ್ಟರ್ ಆಗಬೇಕು. ರಜಿಸ್ಟರ್ ಮಾಡಿಸೋಣ ಅಂದರೆ, ಹೊಲ ತುಂಡು ತುಂಡಾಗಬಾರದೆಂಬ 1947ರ ಕಾಯ್ದೆ ಅಡ್ಡ ಬಂತು. ಆ ಹೊಲ ಎನ್‌ಎ ಆಗಿರಲಿಲ್ಲ, ಲೇಔಟಿಗೆ ಮಂಜೂರಿಯೂ ಇರಲಿಲ್ಲ. ಎರಡು ಗುಂಟೆ ಅಂದರೆ 2178 ಚದರ ಫೂಟು. ಟೇಪು ಹಿಡಿದು ಅಳೆದರೆ 1800 ಸಿಕ್ಕಿತು, ಉಳಿದದ್ದು ರಸ್ತೆಯಂತೆ. ಇಷ್ಟರಾಗ ಮಾರಿದವನ ಅಕ್ಕತಂಗಿಯರು ತಕರಾರು ಹಾಕಿದರು. ಅವರ ಸಹಿ ಯಾರೂ ಕೇಳಿರಲಿಲ್ಲ. ಪಿತ್ರಾರ್ಜಿತದಾಗ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ಕಾಯ್ದೆ ಹೇಳತೈತಿ. ಅವರು ಕೇಳಿದ್ದು ಅನ್ಯಾಯ ಅಂತ ನಾ ಹ್ಯಾಂಗ ಅನ್ನಲಿ? ನನಗೂ ಹೆಣ್ಣುಮಗಳಿದ್ದಾಳೆ.

ಮೊಮ್ಮಗನ ಕಾಲೇಜಿನ ಫೀ ತುಂಬುವ ಹೊತ್ತು ಬಂತು. ಜಾಗ ಮಾರೋಣ ಅಂದರೆ ಹೆಸರಿಲ್ಲದ ಜಾಗ ಯಾರು ತಗೋತಾರೆ? ಬ್ಯಾಂಕಿನವರು ಕಾಗದ ನೋಡಿ ಹೊಳ್ಳಿ ಕೊಟ್ಟರು. ಹೊಲವಾದರೆ ಬರ ಹೋದ ಮೇಲೆ ಜೋಳನಾದರೂ ಕೊಡತೈತಿ. ಆ ಪ್ಲಾಟಿನಾಗ ಜಾಲಿ ಕಂಟಿ ಬೆಳೆದೈತಿ. ಕಡೀಕ ನಾನು ಒಂದು ಎಮ್ಮೆ ಮಾರಿ ಫೀ ತುಂಬಿದೆ. ಅಳಿಯ ಈಗಲೂ ತಿಂಗಳಿಗೊಮ್ಮೆ ಕಚೇರಿಗೆ ಹೋಗುತ್ತಾನೆ. ಹೋದ ದಿನದ ಮಜೂರಿ ಇಲ್ಲ. "ಅಪ್ಪಾ, ಆ ಜಾಗ ನಮ್ಮದು ಹೌದೋ ಅಲ್ಲೋ?" ಅಂತ ಮಗಳು ಕೇಳತಾಳೆ.

ಈ ತಿರುಗಾಟದಾಗ ನಾನೂ ಸ್ವಲ್ಪ ತಿಳಕೊಂಡೆ. ಸಾತಬಾರಾ ಅಂದರೆ ಎರಡು ನಮೂನೆ ಕೂಡಿದ್ದು: ಏಳರಾಗ ಜಮೀನು ಯಾರದು ಅಂತ ಇರತೈತಿ, ಹನ್ನೆರಡರಾಗ ಬೆಳೆ ಏನು ಅಂತ. "ಇತರ ಹಕ್ಕು" ಅನ್ನೋ ಜಾಗದಾಗ ಸೊಸೈಟಿ, ಬ್ಯಾಂಕಿನ ಬೋಜಾ ಕಾಣತೈತಿ. "ಭೋಗವಟಾದಾರ ವರ್ಗ 2" ಅಂತ ಇದ್ದರೆ ಸರಕಾರದ ಪರವಾನಗಿ ಇಲ್ಲದೆ ಮಾರಾಟ ನಡೆಯೂದಿಲ್ಲ. ಮಾರುವವನಿಗೆ ಹೆಸರು ಹ್ಯಾಂಗ ಬಂತು, ವಾರಸದಾರರು ಎಷ್ಟು ಮಂದಿ ಅನ್ನೋದು ಫೇರಫಾರದಾಗ ಸಿಗತೈತಿ.

ಇಷ್ಟು ಓದಲು ದೊಡ್ಡ ವಿದ್ಯೆ ಬೇಕಿಲ್ಲ, ಮರಾಠಿ ಬಲ್ಲವರೊಬ್ಬರು ಬೇಕು. ನಮ್ಮ ಊರಿನ ಗುರುಗಳಲ್ಲಿ ನನ್ನದೊಂದು ಬೇಡಿಕೆ. ಐತವಾರಕ್ಕೊಮ್ಮೆ ಈ ವಾಚನಾಲಯದಾಗ ಒಂದು ತಾಸು ಕೂತು, ಮಂದಿ ತಂದ ಉತಾರ ಓದಿ ಕನ್ನಡದಾಗ ಹೇಳ್ರಿ. ಊರಿನ ಮಂದಿಗೂ ಹೇಳತೀನಿ: ದಲಾಲ ಎಷ್ಟೇ ಅವಸರ ಮಾಡಲಿ, ಇಸಾರದ ರೊಕ್ಕ ಆ ಐತವಾರದ ತನಕ ಗಂಟಿನಾಗೇ ಇರಲಿ.